ಕೆಂಪು ಶಾಯಿಯ ಷರಾ ತಿದ್ದಿಸಲು ದಾರಿ ಇದೆಯೇ?

ಕೊಡಗಿನಲ್ಲಿ ಮಿಲಿಟರಿಗೆ ಹೋಗಿ ಬಂದವರಿಲ್ಲದ ಊರು ಹುಡುಕಿದರೂ ಸಿಗದು. ಜನರಲ್ ಆಗಿ ನಿವೃತ್ತರಾದವರಿಂದ ಹಿಡಿದು ಲಂಗರಿನಲ್ಲಿ ರೊಟ್ಟಿ ತಟ್ಟಿದವರವರೆಗೆ ಎಲ್ಲರಿಗೂ ಇಲ್ಲಿ ಒಂದೇ ಹೆಸರು: ‘ಮಿಲಿಟರಿಯವರು’. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಊರ ಪಂಚಾಯ್ತಿಯಲ್ಲಿ ಒಂದು ತೂಕದ ಮಾತು, ಅಂಗಡಿಯಲ್ಲಿ ಕೇಳದೆಯೇ ಬರೆದುಕೊಳ್ಳುವ ಸಾಲ, ಇವೆಲ್ಲ ಆ ಹೆಸರಿನ ಜೊತೆಗೇ ಬರುವ ಮರ್ಯಾದೆ.

ಆದರೆ ಇದೇ ಊರುಗಳಲ್ಲಿ ಇನ್ನೊಂದು ಬಗೆಯ ಮಿಲಿಟರಿಯವರೂ ಇದ್ದಾರೆ. ಹತ್ತು ವರ್ಷ, ಹನ್ನೆರಡು ವರ್ಷ ದುಡಿದು, ಹೊತ್ತಿಗೆ ಮುಂಚೆ ಊರಿಗೆ ಬಂದವರು. ಯಾಕೆ ಬಂದಿರಿ ಎಂದರೆ “ಸಾಕಾಯ್ತು, ಬಿಟ್ಟು ಬಂದೆ” ಅಂತ ಮಾತು ತಿರುಗಿಸುತ್ತಾರೆ. ಮಾಜಿ ಸೈನಿಕರ ಸಭೆಗೆ ಕರೆದರೆ ತೋಟದ ಕೆಲಸದ ನೆಪ ಹೇಳುತ್ತಾರೆ. ಅವರ ಟ್ರಂಕಿನ ತಳದಲ್ಲಿ ಒಂದು ಡಿಸ್ಚಾರ್ಜ್ ಬುಕ್ ಇರುತ್ತದೆ. ಅದರಲ್ಲಿ ಒಂದೇ ಒಂದು ಸಾಲಿನ ಷರಾ. ಆ ಸಾಲನ್ನು ಹೆಂಡತಿಗೂ ಓದಿ ಹೇಳಿದವರು ಕಡಿಮೆ.

ಆ ಷರಾವನ್ನು ತಿದ್ದಿಸಲು ಬರುತ್ತದೆಯೇ? “ಮಿಲಿಟರಿಯವರು ಬರೆದದ್ದು ಬರೆದದ್ದೇ, ಬ್ರಹ್ಮನೂ ಅಳಿಸಲಾರ” ಎಂಬುದು ಬಸ್ಸಿನಲ್ಲೂ ಕಾಫಿ ಹೋಟೆಲಿನಲ್ಲೂ ಕೇಳುವ ಮಾತು. ಈ ಮಾತು ಅರ್ಧ ಮಾತ್ರ ನಿಜ. ಇನ್ನರ್ಧ ಗೊತ್ತಿಲ್ಲದೆ ಕೈಕಟ್ಟಿ ಕೂತವರು ಪಿಂಚಣಿ ಕಳೆದುಕೊಂಡಿದ್ದಾರೆ. ಅಂಥವರು ತೀರಿಕೊಂಡ ಮೇಲೆ ಅವರ ಹೆಂಡಂದಿರು ಕುಟುಂಬ ಪಿಂಚಣಿಯನ್ನೂ ಕಾಣದೆ ಉಳಿದಿದ್ದಾರೆ.

ಒಂದು ಸಾಲಿನ ಬೆಲೆ

ಷರಾ ಕೆಟ್ಟರೆ ಕೆಡುವುದು ಮರ್ಯಾದೆ ಒಂದೇ ಅಲ್ಲ. ಕೇಂದ್ರ ಸರಕಾರದ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಪಾಲು ಇಡುವ 1979ರ ನಿಯಮಗಳಲ್ಲಿ ‘ಮಾಜಿ ಸೈನಿಕ’ ಎಂದರೆ ಯಾರು ಎಂಬುದಕ್ಕೆ ಅರ್ಥ ಬರೆದಿದ್ದಾರೆ. ದುರ್ನಡತೆಗಾಗಿ ಅಥವಾ ಅಸಮರ್ಥನೆಂದು ಹೊರಹಾಕಿದವನು, ವಜಾ ಆದವನು ಆ ಅರ್ಥದೊಳಗೆ ಬರುವುದಿಲ್ಲ. ಅಂದರೆ ಹದಿನಾಲ್ಕು ವರ್ಷ ಗಡಿಯಲ್ಲಿ ಹಿಮ ತುಳಿದು ಬಂದರೂ ಕಾಗದದ ಮೇಲೆ ಅವನು ಮಾಜಿ ಸೈನಿಕನೇ ಅಲ್ಲ!

ಇಲ್ಲಿಂದ ಮುಂದಕ್ಕೆ ಒಂದಕ್ಕೊಂದು ಕೊಂಡಿ. ಗುರುತಿನ ಚೀಟಿಗೆ ತೊಡಕು. ಗುರುತಿನ ಚೀಟಿ ಇಲ್ಲದಿದ್ದರೆ ಕ್ಯಾಂಟೀನ್ ಕಾರ್ಡಿಗೆ ತೊಡಕು. ಪಿಂಚಣಿ ಇಲ್ಲದವನಿಗೆ 2003ರಲ್ಲಿ ಶುರುವಾದ ಇ.ಸಿ.ಎಚ್.ಎಸ್. ಆಸ್ಪತ್ರೆ ಸೌಲಭ್ಯವೂ ದೂರ. 2015ರ ನವೆಂಬರಿನಲ್ಲಿ ಸರಕಾರ ಆದೇಶ ಮಾಡಿ, 2014ರ ಜುಲೈ 1ರಿಂದ ಜಾರಿಗೆ ತಂದ ‘ಒಂದು ಹುದ್ದೆ, ಒಂದು ಪಿಂಚಣಿ’ಯ ಸುದ್ದಿ ಪೇಪರಿನಲ್ಲಿ ಬಂದಾಗ ಪಕ್ಕದ ಮನೆಯವರು ಬ್ಯಾಂಕಿಗೆ ಹೋದರು. ಇವರು ತೋಟಕ್ಕೆ ಹೋದರು. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸಕ್ಕೆ ಹೋದರೂ ಮೊದಲು ಕೇಳುವುದು “ಡಿಸ್ಚಾರ್ಜ್ ಬುಕ್ ತನ್ನಿ” ಎಂದೇ.

ಹಾಲೇರಿ ಅರಸರ ಕಾಲದಿಂದ ಸೈನಿಕ ಸೇವೆಗೆ ಬದಲಾಗಿ ಜಮ್ಮಾ ಜಮೀನು ಅನುಭವಿಸಿದ ನಾಡು ಇದು. ಇಂಥ ಕಡೆ ‘ಸೇನೆಗೆ ಬೇಡವಾದವನು’ ಎಂಬ ಹಣೆಪಟ್ಟಿ ಬೇರೆ ಜಿಲ್ಲೆಗಳಿಗಿಂತ ಒಂದು ಮುಷ್ಟಿ ಹೆಚ್ಚೇ ಭಾರ.

ಎಲ್ಲವೂ ‘ಡಿಸ್ಮಿಸ್’ ಅಲ್ಲ

ಹೊತ್ತಿಗೆ ಮುಂಚೆ ಬಂದವರನ್ನೆಲ್ಲ ಊರಿನವರು “ಡಿಸ್ಮಿಸ್ ಆದವ” ಎಂದುಬಿಡುತ್ತಾರೆ. ಕೆಲವು ವೇಳೆ ಬಂದವನೇ ಹಾಗೆಂದು ತಿಳಿದುಕೊಂಡಿರುತ್ತಾನೆ. ಆದರೆ 1950ರ ಸೇನಾ ಕಾಯಿದೆಯಲ್ಲಿ ಮನೆಗೆ ಕಳಿಸುವ ಬಗೆಗಳು ಹಲವು.

ಮೊದಲನೆಯದು ವಜಾ, ಅಂದರೆ ಡಿಸ್ಮಿಸಲ್. ಇದು ಕೋರ್ಟ್ ಮಾರ್ಷಲ್ ವಿಧಿಸುವ ಶಿಕ್ಷೆಗಳಲ್ಲಿ ಒಂದು. 20ನೇ ಕಲಮಿನ ಪ್ರಕಾರ ಮೇಲಧಿಕಾರಿಗಳೂ ವಜಾ ಮಾಡಬಹುದು. ಎರಡನೆಯದು ತೆಗೆದುಹಾಕುವುದು, ಅಂದರೆ ರಿಮೂವಲ್. ಮೂರನೆಯದು 1954ರ ಸೇನಾ ನಿಯಮಗಳ 13ನೇ ನಿಯಮದಂತೆ ಮಾಡುವ ಡಿಸ್ಚಾರ್ಜ್. ಈ ಮೂರನೆಯದರಲ್ಲೂ ಒಳಬಗೆಗಳಿವೆ: ಅವಧಿ ಮುಗಿದು ಬರುವುದು, ತಾನೇ ಕೇಳಿ ಬರುವುದು, ಕಾಯಿಲೆಯಿಂದ ವೈದ್ಯಕೀಯ ಮಂಡಳಿ ಕಳಿಸುವುದು, ಕೊನೆಗೆ ‘ಸೇವೆ ಇನ್ನು ಅಗತ್ಯವಿಲ್ಲ’ ಎಂದು ಕಳಿಸುವುದು.

ಈ ವ್ಯತ್ಯಾಸ ಬರೀ ಮಾತಿನದಲ್ಲ, ರೂಪಾಯಿಯದು. 1961ರ ಸೇನಾ ಪಿಂಚಣಿ ನಿಯಮಾವಳಿಯ 113ನೇ ಕಲಂ ಓದಿದರೆ ಸಂಗತಿ ತಿಳಿಯಾಗುತ್ತದೆ. ವಜಾ ಆದವನಿಗೆ ಹಿಂದಿನ ಸೇವೆಯ ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ವಿಶೇಷ ಪ್ರಸಂಗಗಳಲ್ಲಿ ರಾಷ್ಟ್ರಪತಿಗಳು ಕೊಡಬಹುದು, ಅಷ್ಟೇ. ಆದರೆ 13ನೇ ನಿಯಮದಲ್ಲಿ ಡಿಸ್ಚಾರ್ಜ್ ಆದವನು, ಅದು ನಡತೆಯ ಕಾರಣಕ್ಕೇ ಆಗಿದ್ದರೂ, ಅಂದಿನ ತನಕದ ಸೇವೆಗೆ ಸಲ್ಲುವ ಪಿಂಚಣಿ ಅಥವಾ ಗ್ರಾಚ್ಯುಟಿಗೆ ಅರ್ಹನಾಗಿಯೇ ಉಳಿಯುತ್ತಾನೆ. ಜವಾನನಿಗೆ ಪೂರ್ಣ ಪಿಂಚಣಿಗೆ 15 ವರ್ಷ ಸೇವೆ ಆಗಿರಬೇಕು. ಒಂದು ವರ್ಷದ ಒಳಗಿನ ಕೊರತೆಯನ್ನು ಕೆಲವು ಪ್ರಸಂಗಗಳಲ್ಲಿ ಮನ್ನಾ ಮಾಡುವ ಅಧಿಕಾರವೂ ಸರಕಾರಕ್ಕೆ ಇದೆ.

ಹೀಗಿರುವಾಗ ಹದಿನಾಲ್ಕು ವರ್ಷ ಮೂರು ತಿಂಗಳು ದುಡಿದವನೊಬ್ಬ “ನಂದು ಡಿಸ್ಮಿಸ್, ಏನೂ ಸಿಗಲ್ಲ” ಎಂದು ಕೂತರೆ ನಷ್ಟ ಯಾರಿಗೆ? ಪುಸ್ತಕ ತೆರೆದು ಯಾವ ಕಲಂ, ಯಾವ ನಿಯಮ ಎಂದು ಬರೆದಿದೆ ಎಂಬುದನ್ನು ನೋಡುವುದೇ ಮೊದಲ ಕೆಲಸ.

ಕೆಂಪು ಶಾಯಿ ಎಂದರೇನು?

ಸೈನಿಕನ ನಡತೆಯ ಹಾಳೆಯಲ್ಲಿ ಜೈಲು ಸಜೆಯಂಥ ಭಾರಿ ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲೂ ಹಗುರ ಶಿಕ್ಷೆಗಳನ್ನು ಕಪ್ಪು ಶಾಯಿಯಲ್ಲೂ ಬರೆಯುವ ರೂಢಿ. ನಾಲ್ಕು ಕೆಂಪು ಬಿದ್ದರೆ ಮನೆಗೆ ಹೋಗಬೇಕು ಎಂಬ ನಂಬಿಕೆ ಪಲ್ಟಣಗಳಲ್ಲಿ ಬೇರೂರಿತ್ತು. 1988ರ ಡಿಸೆಂಬರ್ 28ರಂದು ಸೇನಾ ಮುಖ್ಯ ಕಚೇರಿ ಈ ಬಗ್ಗೆ ಒಂದು ಕಾರ್ಯವಿಧಾನದ ಪತ್ರವನ್ನೇ ಹೊರಡಿಸಿತು. ಅನಪೇಕ್ಷಿತರು, ಅಸಮರ್ಥರು ಎನಿಸಿದವರನ್ನು ಹೇಗೆ ಕಳಿಸಬೇಕು ಎಂಬುದು ಅದರಲ್ಲಿತ್ತು.

ಕೆಂಪು ಶಾಯಿ ಬೀಳುವುದು ಯಾತಕ್ಕೆ? ಕುಡಿತ, ಮೇಲಿನವರಿಗೆ ಎದುರುತ್ತರ, ಇವೆಲ್ಲ ಇದ್ದದ್ದೇ. ಆದರೆ ಊರಿನವರಿಗೆ ಹತ್ತಿರದ ಕಾರಣ ಒಂದಿದೆ. ರಜೆ ಮುಗಿದ ಮೇಲೂ ವಾಪಸಾಗದೆ ಇರುವುದು, ಕಾಯಿದೆಯ 39ನೇ ಕಲಮಿನ ಅಪರಾಧ.

ಕೊಡಗಿನ ಹುಡುಗ ರಜೆಗೆ ಬರುವುದು ಯಾವಾಗ? ಕೈಲ್‌ಪೊಳ್ದ್‌ಗೋ ಪುತ್ತರಿಗೋ, ಇಲ್ಲವೇ ಕಾಫಿ ಕೊಯ್ಲಿಗೆ ಆಳು ಸಿಗದೆ ಅಪ್ಪ ಕಾಗದ ಬರೆದಾಗ. ಬಂದ ಮೇಲೆ ತಾಯಿಗೆ ಹುಷಾರಿಲ್ಲ. ಜಮೀನಿನ ಪಾಲಿನ ಜಗಳ. ಮಳೆಗಾಲವಾದರೆ ರಸ್ತೆಯೇ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯ ದಾರಿಗಳು ಬಂದ್ ಆದದ್ದು ಯಾರಿಗೆ ಮರೆತಿದೆ? ರೈಲೇ ಇಲ್ಲದ ಜಿಲ್ಲೆ. ಮೈಸೂರಿಗೋ ಮಂಗಳೂರಿಗೋ ಹೋಗಿ ರೈಲು ಹತ್ತಿ, ಮೂರು ನಾಲ್ಕು ದಿನ ಕೂತು ಜಮ್ಮುವಿಗೋ ಅಸ್ಸಾಮಿಗೋ ಮುಟ್ಟಬೇಕು. ಒಂದು ವಾರ ತಡ ಅನ್ನುವುದು ಇಲ್ಲಿ ಮಾತಾಡುವಷ್ಟೇ ಸುಲಭ.

ಕಾಯಿದೆಯ ಮಾತು ಗಮನಿಸಬೇಕು: ‘ಸಾಕಷ್ಟು ಕಾರಣವಿಲ್ಲದೆ’ ರಜೆ ಮೀರಿದರೆ ಅಪರಾಧ. ಕಾರಣ ಇದ್ದರೆ ಅದಕ್ಕೆ ಕಾಗದ ಬೇಕು. ಆಸ್ಪತ್ರೆ ಚೀಟಿ, ಪೊಲೀಸ್ ಠಾಣೆಯ ಒಂದು ಬರಹ, ತಹಸೀಲ್ದಾರರ ದೃಢೀಕರಣ, ಪಲ್ಟಣಕ್ಕೆ ಕಳಿಸಿದ ತಂತಿಯ ರಸೀದಿ. (ತಂತಿ ಸೇವೆ 2013ರ ಜುಲೈಯಲ್ಲಿ ನಿಂತೇ ಹೋಯಿತು. ಹಳೇ ರಸೀದಿ ಇದ್ದವರು ಬಿಸಾಡಬೇಡಿ.) ಈ ಕಾಗದ ಇಲ್ಲದೆ ಹೋದವನು ಸಜೆ ಉಂಡ. ನಾಲ್ಕು ಸಲ ಹಾಗಾದಾಗ ಊರಿಗೇ ಬಂದ.

ಮೂವತ್ತು ದಿನ ದಾಟಿದರೆ ಸಂಗತಿ ಇನ್ನೂ ಬಿಗಿ. ಆಗ 106ನೇ ಕಲಮಿನಂತೆ ವಿಚಾರಣಾ ಮಂಡಳಿ ಕೂರುತ್ತದೆ, ಗೈರುಹಾಜರಿಯನ್ನು ದಾಖಲೆ ಮಾಡುತ್ತದೆ. ಮುಂದೆ ಪಲಾಯನದ ಆರೋಪವೇ ಬರಬಹುದು.

ಊಟ ಬೇಡವೆಂದ ಜವಾನ

ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದ ಒಬ್ಬ ಸಿಗ್ನಲ್‌ಮ್ಯಾನನ ಕತೆ ಈ ವಿಷಯದಲ್ಲಿ ಎಲ್ಲರೂ ತಿಳಿಯತಕ್ಕದ್ದು. ಇದು ರಂಜಿತ್ ಠಾಕೂರ್ ಪ್ರಕರಣ ಎಂದು ಹೆಸರಾಗಿದೆ. 1985ರಲ್ಲಿ ಆತ ತನ್ನ ದೂರನ್ನು ಕಮಾಂಡಿಂಗ್ ಆಫೀಸರನ್ನು ದಾಟಿ ನೇರವಾಗಿ ಮೇಲಧಿಕಾರಿಗಳಿಗೆ ಕಳಿಸಿದ. ಅದಕ್ಕೆ ಅದೇ ಕಮಾಂಡಿಂಗ್ ಆಫೀಸರ್ 28 ದಿನದ ಸಜೆ ಕೊಟ್ಟರು. ಸಜೆಯಲ್ಲಿದ್ದಾಗ ಊಟ ಮಾಡು ಎಂದು ಆಜ್ಞೆ ಆಯಿತು. ಆತ ಊಟ ಮಾಡಲಿಲ್ಲ. ಆಜ್ಞೆ ಮೀರಿದ್ದಕ್ಕೆ ಮರುದಿನವೇ ಸಮ್ಮರಿ ಕೋರ್ಟ್ ಮಾರ್ಷಲ್. ಅದರಲ್ಲಿ ಕೂತವರೂ ಅದೇ ಕಮಾಂಡಿಂಗ್ ಆಫೀಸರ್. ತೀರ್ಪು: ಒಂದು ವರ್ಷ ಜೈಲು, ಸೇವೆಯಿಂದ ವಜಾ.

ಒಂದು ಹೊತ್ತಿನ ಊಟ ಬೇಡವೆಂದದ್ದಕ್ಕೆ ಜನ್ಮದ ಅನ್ನವೇ ಹೋಯಿತು!

1987ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟ್ ಈ ಶಿಕ್ಷೆಯನ್ನು ರದ್ದು ಮಾಡಿ, ಪೂರಾ ಸಂಬಳ ಸಹಿತ ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ತೀರ್ಪು ಬರೆದವರು ಕರ್ನಾಟಕದವರೇ ಆದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಎಂ.ಎನ್. ವೆಂಕಟಾಚಲಯ್ಯನವರು. ತೀರ್ಪಿನ ತಿರುಳು ಎರಡು. ವಿಚಾರಿಸುವ ಅಧಿಕಾರಿಯ ಬಗ್ಗೆ ನಿನ್ನ ಆಕ್ಷೇಪ ಇದೆಯೇ ಎಂದು ಆರೋಪಿಯನ್ನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಿಗೂ ಶಿಕ್ಷೆಗೂ ಒಂದು ಅಳತೆ ಇರಬೇಕು, ಇರಲಿಲ್ಲ.

ನಾಲ್ಕು ಕೆಂಪು ಬಿದ್ದರೆ ಸಾಕೆ?

ಇನ್ನೊಂದು ದೊಡ್ಡ ತೀರ್ಪು 2015ರ ಅಕ್ಟೋಬರಿನದು, ವೀರೇಂದ್ರ ಕುಮಾರ್ ದುಬೆ ಪ್ರಕರಣ. 1980ರಲ್ಲಿ ಫಿರಂಗಿ ದಳಕ್ಕೆ ಸೇರಿದ್ದ ಜವಾನ. ನಾಲ್ಕು ಕೆಂಪು ಶಾಯಿ ಬಿತ್ತೆಂದು ಅವನನ್ನು 13ನೇ ನಿಯಮದಲ್ಲಿ ಮನೆಗೆ ಕಳಿಸಿದ್ದರು. ಸುಪ್ರೀಂ ಕೋರ್ಟ್ ಏನೆಂದಿತು? ನಾಲ್ಕು ಎಣಿಸಿ ಕಳಿಸಿಬಿಡುವುದು ಸಲ್ಲದು. 1988ರ ಪತ್ರದಲ್ಲೇ ಹೇಳಿದಂತೆ ಮೊದಲು ಪ್ರಾಥಮಿಕ ವಿಚಾರಣೆ ಆಗಬೇಕು. ಕಾರಣ ಕೇಳಿ ನೋಟೀಸು ಕೊಡಬೇಕು. ತಪ್ಪು ಎಂಥದ್ದು, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಷ್ಟದ ಜಾಗಗಳಲ್ಲಿ ದುಡಿದಿದ್ದಾನೆ, ಪಿಂಚಣಿಗೆ ಎಷ್ಟು ಹತ್ತಿರ ಇದ್ದಾನೆ, ಇವೆಲ್ಲವನ್ನೂ ತೂಗಿ ನೋಡಬೇಕು.

ಹಾಗೆ ಮಾಡಿರಲಿಲ್ಲ. ಆದೇಶ ರದ್ದಾಯಿತು. ಆದರೆ ವಯಸ್ಸು ಮೀರಿದವನನ್ನು ಮರಳಿ ಪಲ್ಟಣಕ್ಕೆ ಕಳಿಸುವುದು ಹೇಗೆ? ಕೋರ್ಟು ನಡುದಾರಿ ಹಿಡಿಯಿತು. ಪಿಂಚಣಿಗೆ ಬೇಕಾದ ಸೇವೆ ತುಂಬುವ ತನಕ ಆತ ಸೇವೆಯಲ್ಲೇ ಇದ್ದನೆಂದು ಲೆಕ್ಕ ಹಿಡಿಯಿರಿ, ಆ ಅವಧಿಯ ಸಂಬಳ ಬೇಡ, ಪಿಂಚಣಿ ಕೊಡಿ, ನಾಲ್ಕು ತಿಂಗಳೊಳಗೆ ಹಣ ಮುಟ್ಟಿಸಿ ಎಂದಿತು. ‘ಷರಾ ತಿದ್ದುವುದು’ ಎಂದರೆ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಇದೇ.

ಹಾಗಂತ ಇದು ಎಲ್ಲ ಬೀಗಕ್ಕೂ ಕೀಲಿಕೈ ಅಲ್ಲ. 2019ರಲ್ಲಿ ಸತ್ಗುರ್ ಸಿಂಗ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ಜವಾನನ ಅಪೀಲನ್ನು ತಳ್ಳಿಹಾಕಿತು. ಅಲ್ಲಿ ನೋಟೀಸು ಕೊಟ್ಟಿದ್ದರು, ಉತ್ತರ ಪಡೆದಿದ್ದರು, ಪರಿಶೀಲಿಸಿದ್ದರು. ಅಧಿಕಾರಿಗಳು ಕ್ರಮ ತಪ್ಪಿದ್ದರೆ ಮಾತ್ರ ದಾರಿ. ಕ್ರಮವಾಗಿಯೇ ಕಳಿಸಿದ್ದರೆ ಕೋರ್ಟು ಕೈ ಹಾಕುವುದು ಅಪರೂಪ. ಶಿಸ್ತಿಲ್ಲದೆ ಸೇನೆ ನಡೆಯದು ಎಂಬುದನ್ನು ಈ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಕಾಯಿಲೆಯೋ ದುರ್ನಡತೆಯೋ?

ಕೆಲವರ ಕೆಂಪು ಶಾಯಿಯ ಹಿಂದೆ ಇರುವುದು ದುರ್ನಡತೆ ಅಲ್ಲ, ಕಾಯಿಲೆ. ನಿದ್ದೆ ಇಲ್ಲ, ತಲೆಯಲ್ಲಿ ಏನೋ ಸದ್ದು, ಸುಮ್ಮಸುಮ್ಮನೆ ಸಿಟ್ಟು, ಅದನ್ನು ಮರೆಯಲು ಬಾಟ್ಲಿ. ಪಲ್ಟಣದಲ್ಲಿ ಅದು ‘ಕುಡಿತ’ ಎಂದು ದಾಖಲಾಯಿತು. ಊರಿಗೆ ಬಂದ ಮೇಲೆ “ಮಿಲಿಟರಿಗೆ ಹೋಗಿ ಕೆಟ್ಟ” ಎಂದಾಯಿತು. ಡಾಕ್ಟರ ಬಳಿ ಕರೆದೊಯ್ದವರು ಯಾರೂ ಇಲ್ಲ.

ಕಾಯಿಲೆಯಿಂದ ಮನೆಗೆ ಬಂದವರಿಗೂ ಬೇರೊಂದು ಷರಾದ ಕಾಟ ಇದೆ. ‘ಈ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ’ ಎಂದು ಬರೆದರೆ ಅಂಗವಿಕಲ ಪಿಂಚಣಿ ಇಲ್ಲ. 1985ರಲ್ಲಿ ಸೇನೆಗೆ ಸೇರಿ, ಮೂರ್ಛೆ ರೋಗದಿಂದ 1994ರಲ್ಲಿ ಹೊರಬಂದ ಧರ್ಮವೀರ್ ಸಿಂಗ್ ಎಂಬವರ ಪ್ರಕರಣದಲ್ಲಿ 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಈ ಗಂಟನ್ನು ಬಿಡಿಸಿತು. ಭರ್ತಿ ಮಾಡಿಕೊಳ್ಳುವಾಗ ಡಾಕ್ಟರರು ನೋಡಿ ‘ಗಟ್ಟಿಮುಟ್ಟಾಗಿದ್ದಾನೆ’ ಎಂದು ಬರೆದ ಮೇಲೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂತೆಂದು ತಿಳಿಯಬೇಕು. ಅಲ್ಲ ಎನ್ನುವುದಾದರೆ ಅದನ್ನು ತೋರಿಸುವ ಹೊಣೆ ಸರಕಾರದ್ದು. ಜವಾನನ ತಲೆಗೆ ಆ ಹೊರೆ ಹಾಕಬಾರದು. ಈ ತೀರ್ಪಿನ ಬಲದಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ.

ಕಾಗದ ತಿದ್ದಿದ ಇತಿಹಾಸ

ಸೇನೆಯ ಕಾಗದ ತಿದ್ದಲು ಬಾರದೆನ್ನುವವರು ಮಡಿಕೇರಿಯ ಅಜ್ಜಮಾಡ ದೇವಯ್ಯನವರ ಪ್ರತಿಮೆಯ ಮುಂದೆ ಒಂದು ನಿಮಿಷ ನಿಂತು ನೋಡಲಿ. ದಿನಾ ಅದರ ಮುಂದೆ ಬಸ್ಸಿಗೆ ಓಡುವವರಲ್ಲಿ ಅದರ ಹಿಂದಿನ ಸಂಗತಿ ಗೊತ್ತಿರುವವರು ಎಷ್ಟು ಮಂದಿಯೋ.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ನಡೆದ ದಾಳಿಯಿಂದ ಸ್ಕ್ವಾಡ್ರನ್ ಲೀಡರ್ ದೇವಯ್ಯ ಮರಳಲಿಲ್ಲ. ದಾಖಲೆಯಲ್ಲಿ ‘ಕಾಣೆಯಾದವರು’ ಎಂದಾಯಿತು. ಮನೆಯವರಿಗೆ ತಿಳಿದದ್ದು ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಬಗ್ಗೆ ಬರೆದ ಪುಸ್ತಕ ಹೊರಬಂತು. ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಆ ದಿನ ಒಂದು ಮಿಸ್ಟೇರ್ ವಿಮಾನದೊಡನೆ ಸೆಣಸಿ ಉರುಳಿತ್ತು ಎಂಬುದು ಆಗ ಹೊರಗೆ ಬಿತ್ತು. ಆ ಮಿಸ್ಟೇರ್ ದೇವಯ್ಯನವರದೇ. ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದು, ತನಗಿಂತ ಎಷ್ಟೋ ವೇಗದ ವಿಮಾನವನ್ನು ಕೆಡವಿದ್ದರು. ಅಂದು ದಾಳಿಯ ಮುಂದಾಳುವಾಗಿದ್ದ ಒ.ಪಿ. ತನೇಜಾ ಅವರು ಈ ಸಂಗತಿಯನ್ನು ಸರಕಾರದ ಮುಂದಿಟ್ಟರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ಹಿಡಿಯಿತು, ಆದರೂ ದಾಖಲೆ ತಿದ್ದಿತು.

ದೇವಯ್ಯನವರದು ವೀರನ ದಾಖಲೆ, ಕಳಂಕದ್ದಲ್ಲ, ನಿಜ. ಕಳಂಕ ತೆಗೆದ ಉದಾಹರಣೆಯೂ ಇದೆ, ಅದೂ ಸಾವಿರಾರು ಜನರದು. ನೇತಾಜಿಯ ಆಜಾದ್ ಹಿಂದ್ ಫೌಜಿಗೆ ಸೇರಿದ ಸೈನಿಕರನ್ನು ಬ್ರಿಟಿಷರು ಯುದ್ಧ ಮುಗಿದ ಮೇಲೆ ಬಿಳಿ, ಬೂದು, ಕಪ್ಪು ಎಂದು ಮೂರು ಪಾಲು ಮಾಡಿದರು. ಬಿಳಿಯವರಿಗೆ ಕೆಲಸ, ಬೂದಿಯವರಿಗೆ ಡಿಸ್ಚಾರ್ಜ್, ಕಪ್ಪಿನವರಿಗೆ ವಜಾ. ಕೆಂಪು ಕೋಟೆಯ ವಿಚಾರಣೆಯಲ್ಲಿ ಶಾ ನವಾಜ್, ಸೆಹಗಲ್, ಧಿಲ್ಲೋನ್ ಮೂವರಿಗೂ ಜೀವಾವಧಿ ಗಡೀಪಾರು, ಹುದ್ದೆಯಿಂದ ವಜಾ ಎಂದಾಯಿತು. 1946ರ ಜನವರಿಯಲ್ಲಿ ದಂಡನಾಯಕ ಆಚಿನ್‌ಲೆಕ್ ಗಡೀಪಾರನ್ನು ಬಿಟ್ಟರು, ವಜಾ ಮಾತ್ರ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ನೆಹರೂ ಸರಕಾರ ಆಜಾದ್ ಹಿಂದ್ ಸೈನಿಕರ ಮೇಲಿನ ವಜಾದ ಕಳಂಕ ತೆಗೆಯಿತು. ಪಲ್ಟಣಕ್ಕೆ ಮಾತ್ರ ಮರಳಿ ಸೇರಿಸಿಕೊಳ್ಳಲಿಲ್ಲ. 1972ರಲ್ಲಿ ಸ್ವಾತಂತ್ರ್ಯ ಯೋಧರ ಪಿಂಚಣಿ ಶುರುವಾದಾಗ ಇವರಿಗೂ ಅದರಲ್ಲಿ ಜಾಗ ಸಿಕ್ಕಿತು.

ಇದು ಕೊಡಗಿಗೆ ದೂರದ ಕತೆ ಅಲ್ಲ. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರ ಸೋದರ ಪೊನ್ನಪ್ಪನವರೇ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ಮನೆಯಲ್ಲಿ ಒಬ್ಬರ ಕಾಗದ ಬಂಗಾರ, ಇನ್ನೊಬ್ಬರು ಸರಕಾರದ ಕಣ್ಣಿಗೆ ದ್ರೋಹಿ. ಕಾಲ ಬದಲಾದಾಗ ಕಣ್ಣೂ ಬದಲಾಯಿತು.

ಬೇರೆ ದೇಶದಲ್ಲಿ

ಅಮೆರಿಕದಲ್ಲಿ ಇದಕ್ಕೆಂದೇ ಮಂಡಳಿಗಳಿವೆ. 1944ರ ಕಾನೂನಿನಿಂದ ಹುಟ್ಟಿದವು. ಹೊರಬಂದು 15 ವರ್ಷದೊಳಗೆ ಒಂದು ಫಾರಂ ತುಂಬಿ ಕೊಟ್ಟರೆ ಸಾಕು, ‘ನನ್ನ ಬಿಡುಗಡೆಯ ದರ್ಜೆ ಏರಿಸಿ’ ಎಂದು ಕೇಳಬಹುದು. ಅದು ದಾಟಿದವರಿಗೆ ದಾಖಲೆ ತಿದ್ದುವ ಬೇರೆ ಮಂಡಳಿ. ನಮ್ಮಲ್ಲಿ ಅಂಥ ಫಾರಂ ಇಲ್ಲ. ಇಲ್ಲಿ ಆದೇಶವನ್ನೇ ಪ್ರಶ್ನಿಸಬೇಕು. ಆದೇಶ ಬಿದ್ದರೆ ಷರಾ ತಾನಾಗಿ ಬೀಳುತ್ತದೆ.

ಹೋಗುವ ದಾರಿ

ಮೊದಲು ಕಾಗದ. ಪ್ರತಿ ರೆಜಿಮೆಂಟಿಗೂ ಒಂದು ರೆಕಾರ್ಡ್ಸ್ ಆಫೀಸ್ ಇದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್, ಎಂ.ಇ.ಜಿ.ಯದು ಬೆಂಗಳೂರು, ಮರಾಠಾದ್ದು ಬೆಳಗಾವಿ, ಫಿರಂಗಿ ದಳದ್ದು ನಾಸಿಕ್, ಸಿಗ್ನಲ್ಸಿನದು ಜಬಲ್ಪುರ, ಇ.ಎಂ.ಇ.ಯದು ಸಿಕಂದರಾಬಾದ್. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಕಟ್ಟಿ ತನ್ನದೇ ನಡತೆಯ ಹಾಳೆ, ನೋಟೀಸು, ಅದಕ್ಕೆ ಕೊಟ್ಟ ಉತ್ತರ, ವಿಚಾರಣೆಯ ವರದಿ, ಡಿಸ್ಚಾರ್ಜ್ ಆದೇಶ, ವೈದ್ಯಕೀಯ ಮಂಡಳಿಯ ಕಾಗದ, ಇಷ್ಟರ ನಕಲು ಕೇಳಬಹುದು.

ಇದರಲ್ಲಿ ತಡ ಮಾಡಬಾರದು. ಪಿಂಚಣಿ ಇಲ್ಲದವರ ಕಾಗದಗಳನ್ನು ಸೇನೆ 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುತ್ತದೆ. ಪಿಂಚಣಿ ಬಾರದವನಿಗೇ ಕಾಗದ ಹೆಚ್ಚು ಬೇಕು, ಅವನ ಕಾಗದಕ್ಕೇ ಆಯುಸ್ಸು ಕಡಿಮೆ!

ಎರಡನೆಯದು ಅರ್ಜಿ. ಕೋರ್ಟ್ ಮಾರ್ಷಲ್ ಆದವರಿಗೆ 164ನೇ ಕಲಮಿನ ಮನವಿ. ಆಡಳಿತದ ಆದೇಶದಲ್ಲಿ ಬಂದವರು ಸೇನಾ ಅಧಿಕಾರಿಗಳಿಗೆ ಬರೆದು ಕೊಡುವ ಮನವಿ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಬೇಕು, ರಸೀದಿ ಜೋಪಾನ.

ಮೂರನೆಯದು ನ್ಯಾಯಮಂಡಳಿ. 2007ರ ಕಾಯಿದೆಯಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರ ಆಗಸ್ಟಿನಲ್ಲಿ ಕೆಲಸ ಶುರು ಮಾಡಿತು. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಬೆಂಗಳೂರಿಗಿಂತ ದೂರ ಎಂದು ಗೊಣಗುವವರಿದ್ದಾರೆ. ಆದರೆ ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದರೆ ಕೇರಳವೇ, ಕಣ್ಣೂರಿನಲ್ಲಿ ರೈಲು ಹತ್ತಿದರೆ ಎರ್ನಾಕುಲಂ. ಮನವಿಗೆ ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಅಲ್ಲಿ ಅರ್ಜಿ ಹಾಕಬೇಕು. 6 ತಿಂಗಳಾದರೂ ಉತ್ತರವೇ ಬಾರದಿದ್ದರೆ ಅದರ ಮುಂದಿನ 6 ತಿಂಗಳೊಳಗೆ. ತಡವಾದರೆ ಯಾಕೆ ತಡವಾಯಿತೆಂದು ತೋರಿಸಿ ಕ್ಷಮೆ ಕೇಳಲು ಅವಕಾಶ ಉಂಟು. ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಸಂಗತಿಯಾದ್ದರಿಂದ ಹಳೇ ಪ್ರಕರಣಗಳನ್ನೂ ಕೇಳುತ್ತಾರೆ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷದ್ದು ಮಾತ್ರ. ಅಲ್ಲಿಗೆ, ಕೂತಷ್ಟು ದಿನ ನಷ್ಟ. ನ್ಯಾಯಮಂಡಳಿ ಒಪ್ಪದಿದ್ದರೆ ಹೈಕೋರ್ಟಿನ ಬಾಗಿಲೂ ಮುಚ್ಚಿಲ್ಲ ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಸೈನಿಕ ಕುಟುಂಬಗಳಿಗೆ ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಸಿಗುವಂತೆ 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ‘ವೀರ ಪರಿವಾರ ಸಹಾಯತಾ ಯೋಜನೆ’ ಎಂಬುದನ್ನು ಶುರು ಮಾಡಿದೆ. “ನಂಗೆ ಡೆಲ್ಲಿಲಿ ಜನ ಗೊತ್ತು, ಇಷ್ಟು ಕೊಡಿ, ಪುಸ್ತಕ ಬದಲಿಸಿ ಕೊಡ್ತೇನೆ” ಅನ್ನುವ ದಲ್ಲಾಳಿಗಳಿಂದ ಮಾತ್ರ ದೂರ ಇರಬೇಕು. ಪುಸ್ತಕ ಬದಲಿಸುವವರು ಯಾರೂ ಇಲ್ಲ. ತಿದ್ದಿದ ಪುಸ್ತಕ ತೋರಿಸಿ ಸಿಕ್ಕಿಬಿದ್ದರೆ ಇದ್ದ ಹೆಸರೂ ಹೋಗಿ ಪೊಲೀಸ್ ಕೇಸು.

ಆಗಬೇಕಾದ್ದು

ಜಿಲ್ಲೆಯ ಮಾಜಿ ಸೈನಿಕರ ಸಂಘಗಳು ಪಿಂಚಣಿದಾರರ ಕಷ್ಟ ಕೇಳುತ್ತವೆ, ಒಳ್ಳೆಯದೇ. ಪಿಂಚಣಿ ಇಲ್ಲದೆ ಬಂದವನನ್ನು ಕೇಳುವವರು ಯಾರು? ಅವನು ತಾನಾಗಿ ಸಭೆಗೆ ಬರುವವನಲ್ಲ. ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ತಿಂಗಳಿಗೊಂದು ದಿನ ಗೊತ್ತು ಮಾಡಿ, ಒಬ್ಬ ವಕೀಲರನ್ನು ಕೂರಿಸಿ, ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆಗಳಲ್ಲಿ ಒಂದೊಂದು ಸಲ ಇಂಥವರ ಪುಸ್ತಕ ಓದಿ ಹೇಳುವ ಏರ್ಪಾಡು ಮಾಡಿದರೆ ದೊಡ್ಡ ಖರ್ಚೇನೂ ಇಲ್ಲ. ಯಾರದು ವಜಾ, ಯಾರದು ಬರೀ ಡಿಸ್ಚಾರ್ಜ್, ಯಾರಿಗೆ ನೋಟೀಸೇ ಕೊಟ್ಟಿಲ್ಲ, ಯಾರಿಗೆ ಆರು ತಿಂಗಳು ಮಾತ್ರ ಕೊರತೆ, ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಹೆಂಗಸರು ಒಬ್ಬರೇ ಉಳಿದ ಮನೆಗಳಲ್ಲಿ ಗಂಡನ ಟ್ರಂಕು ತೆರೆದು ನೋಡಲು ಯಾರಾದರೂ ಜೊತೆಗೆ ಕೂರಬೇಕು.

25 ವರ್ಷದ ಗಡುವು ಯಾರಿಗೂ ಕಾಯುವುದಿಲ್ಲ. 2001ರಲ್ಲಿ, 2002ರಲ್ಲಿ ಊರಿಗೆ ಬಂದವರ ಕಾಗದಗಳ ಸರದಿ ಈಗ ಬಂದಿದೆ. ಸಂಬಂಧಪಟ್ಟವರು ಇತ್ತ ಬೇಗ ಗಮನ ಹರಿಸುವರೇ?